ಮನೆಮಂದಿಯ ಮೈಲ್ಸ್ ಒಂದೇ ಗಂಟಿಗೆ: ಕಟ್ಟುವ ಮುನ್ನ, ಕಟ್ಟಿದ ಮೇಲೆ

ವಿಮಾನದಲ್ಲಿ ಹಾರಿದ್ದಕ್ಕೆ ಏರ್‌ಲೈನ್ಸ್ ಕೊಡುವ ಅಂಕಗಳೇ ಮೈಲ್ಸ್, ಸಾಕಷ್ಟು ಕೂಡಿದರೆ ಅದರಿಂದಲೇ ಟಿಕೆಟ್ ತೆಗೆಯಬಹುದು. ಅಪ್ಪನ ಖಾತೆಯಲ್ಲಿ 11,400 ಮೈಲ್ಸ್, ಅಮ್ಮನದರಲ್ಲಿ 6,250, ಮಗಳದರಲ್ಲಿ 3,900. ಮಗನಿಗೆ ಖಾತೆಯೇ ಇಲ್ಲ, ಅವನು ಹಾರಿದ ಮೂರು ಪ್ರಯಾಣದ ಮೈಲ್ಸ್ ಯಾರಿಗೂ ಸೇರದೆ ಹೋಯಿತು. ಒಂದು ಟಿಕೆಟ್ಟಿಗೆ 15,000 ಮೈಲ್ಸ್ ಬೇಕು ಅಂತಿಟ್ಟುಕೊಳ್ಳಿ. ಮೂವರದನ್ನೂ ಕೂಡಿಸಿದರೆ 21,550, ಟಿಕೆಟ್ ಬಂದು ಇನ್ನೂ ಮಿಗುತ್ತದೆ. ಬಿಡಿಬಿಡಿಯಾಗಿದ್ದಾಗ ಮಾತ್ರ ಮೂರು ಖಾತೆಗಳೂ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇದು ಬಹಳಷ್ಟು ಮನೆಗಳ ಕಥೆ, ಅದಕ್ಕೆ ಕಾರಣವೂ ಇದೆ. ಅಮೆರಿಕನ್ ಏರ್‌ಲೈನ್ಸ್ ಮೈಲ್ಸ್ ಕೊಡುವ ತನ್ನ ಅಡ್ವಾಂಟೇಜ್ ಯೋಜನೆಯನ್ನು 1981ರ ಮೇ 1ರಂದು ಶುರು ಮಾಡಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ಕೂಡ ತನ್ನದನ್ನು ತಂದಿತು. ಇವೆರಡರ ಕಣ್ಣೂ ಇದ್ದದ್ದು ವ್ಯಾಪಾರಕ್ಕಾಗಿ ವಾರಕ್ಕೆರಡು ಸಲ ಹಾರುವ ಒಂಟಿ ಪ್ರಯಾಣಿಕನ ಮೇಲೆ. ಒಬ್ಬ ಮನುಷ್ಯ, ಒಂದು ಖಾತೆ, ಒಂದು ಲೆಕ್ಕ. ವರ್ಷಕ್ಕೊಮ್ಮೆ ಮಕ್ಕಳುಮರಿ ಕಟ್ಟಿಕೊಂಡು ಹೊರಡುವ ಕುಟುಂಬ ಆ ಲೆಕ್ಕದಲ್ಲಿ ಇರಲೇ ಇಲ್ಲ. ಮನೆಯವರ ಮೈಲ್ಸ್ ಒಟ್ಟು ಸೇರಿಸುವ ಸೌಲಭ್ಯ, ಅಂದರೆ ಪೂಲಿಂಗ್, ಆಮೇಲೆ ಒಂದೊಂದೇ ಸಂಸ್ಥೆ ಸೇರಿಸಿಕೊಂಡ ಬಾಬತ್ತು. ಹಾಗಾಗಿಯೇ ಒಬ್ಬೊಬ್ಬರ ನಿಯಮ ಒಂದೊಂದು ದಿಕ್ಕಿಗಿದೆ.

ಖಾತೆಗಳನ್ನು ಕೂಡಿಸುವುದು ಹತ್ತು ನಿಮಿಷದ ಕೆಲಸ. ಕೂಡಿಸಿದ್ದನ್ನು ಬಿಡಿಸುವುದು ಹಾಗಲ್ಲ. ಒಟ್ಟು ಕುಟುಂಬದಲ್ಲಿ ಪಾಲು ಕೇಳಿದ ಹಾಗೆಯೇ ಅದು, ಒಳಗೆ ಬರುವಾಗ ಯಾರೂ ಏನೂ ಕೇಳುವುದಿಲ್ಲ, ಹೊರಗೆ ಹೋಗುವಾಗ ಎಲ್ಲ ಲೆಕ್ಕ ಎದ್ದು ಕೂರುತ್ತದೆ. ಅದಕ್ಕೇ ಈ ಬರಹದಲ್ಲಿ ಗುಂಡಿ ಎಲ್ಲಿ ಒತ್ತಬೇಕು ಅನ್ನುವುದಕ್ಕಿಂತ, ಒತ್ತುವ ಮುಂಚೆ ಏನು ನೋಡಬೇಕು ಅನ್ನುವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಹಾಳೆ, ಒಂದು ಪೆನ್ನು

ಮನೆಯಲ್ಲಿ ಯಾರ ಹತ್ತಿರ ಏನಿದೆ ಎಂದು ಬರೆದುಕೊಳ್ಳಿ. ಹೆಸರು, ಯಾವ ಏರ್‌ಲೈನ್ಸ್, ಖಾತೆ ಸಂಖ್ಯೆ, ಎಷ್ಟು ಮೈಲ್ಸ್, ಯಾವಾಗ ಅವಧಿ ಮುಗಿಯುತ್ತದೆ, ಲಾಗಿನ್ ಯಾವ ಇಮೇಲ್‌ನಲ್ಲಿದೆ. ಈ ಆರು ಅಂಕಣ ಸಾಕು. ಎಕ್ಸೆಲ್ ಬೇಕಾದರೆ ಮಾಡಿಕೊಳ್ಳಿ, ಕಾಗದವೂ ಆಗುತ್ತದೆ.

ಅವಧಿಯ ಅಂಕಣವನ್ನು ಖಾಲಿ ಬಿಡಬೇಡಿ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಮೈಲ್ಸ್ ಬಂದ ದಿನದಿಂದ ಗಡಿಯಾರ ಓಡುವಂಥದ್ದು. ಸಿಂಗಪುರ್ ಏರ್‌ಲೈನ್ಸಿನ ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ ಮೂರು ವರ್ಷ ಆಯಸ್ಸು. ಕೊರಿಯನ್ ಏರ್‌ನದಕ್ಕೆ ಹತ್ತು ವರ್ಷ. ನೀವು ನಡುವೆ ಎಷ್ಟು ಹಾರಿದರೂ ಹಳೆಯ ಮೈಲ್ಸ್‌ನ ಆಯಸ್ಸು ಹೆಚ್ಚುವುದಿಲ್ಲ. ಇನ್ನೊಂದು, ಖಾತೆಯಲ್ಲಿ ಚಲನೆ ಇರುವವರೆಗೆ ಬದುಕಿರುವಂಥದ್ದು. ಬ್ರಿಟಿಷ್ ಏರ್‌ವೇಸಿನ ಏವಿಯೋಸ್ (ಅಲ್ಲಿ ಮೈಲ್ಸ್‌ಗೆ ಇರುವ ಹೆಸರು) 36 ತಿಂಗಳು ಯಾವ ಜಮಾ ಖರ್ಚೂ ಇಲ್ಲದಿದ್ದರೆ ಹೋಗುತ್ತದೆ, ಕ್ವಾಂಟಾಸ್ ಪಾಯಿಂಟ್‌ಗೆ 18 ತಿಂಗಳ ಗಡುವು. ಇಂಥ ಖಾತೆಗೆ ಒಂದು ಚಿಕ್ಕ ಜಮಾ ಬಿದ್ದರೂ ಗಡಿಯಾರ ಮತ್ತೆ ಮೊದಲಿನಿಂದ ಶುರು. ಯುನೈಟೆಡ್, ಡೆಲ್ಟಾ, ಜೆಟ್‌ಬ್ಲೂ ಮೈಲ್ಸ್‌ಗೆ ಅವಧಿಯೇ ಇಲ್ಲ.

ಈ ಪಟ್ಟಿ ನೋಡಿದಾಗ ಎಷ್ಟೋ ಸಲ ಪೂಲ್‌ನ ಯೋಚನೆಯೇ ಬಿಟ್ಟುಹೋಗುತ್ತದೆ. ಐದು ಜನರ ಮೈಲ್ಸ್ ಐದು ಬೇರೆ ಏರ್‌ಲೈನ್ಸ್‌ಗಳಲ್ಲಿದ್ದರೆ ಕೂಡಿಸುವುದು ಏನನ್ನು? ಪೂಲಿಂಗ್ ಆಗುವುದು ಒಂದೇ ಯೋಜನೆಯ ಖಾತೆಗಳ ನಡುವೆ ಮಾತ್ರ. ಏವಿಯೋಸ್ ಇಲ್ಲಿ ಸ್ವಲ್ಪ ಬೇರೆ ಜಾತಿ. ಅದು ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಏರ್ ಲಿಂಗಸ್, ಕತಾರ್ ಏರ್‌ವೇಸ್, ಫಿನ್‌ಏರ್ ಎಲ್ಲಕ್ಕೂ ಸಾಮಾನ್ಯವಾದ ನಾಣ್ಯ. ಒಬ್ಬರದೇ ಎರಡು ಖಾತೆಗಳ ನಡುವೆ ಒಂದಕ್ಕೊಂದರಂತೆ ಸಾಗಿಸಬಹುದು, ಹೆಸರು ಮತ್ತು ವಿವರ ಎರಡೂ ಕಡೆ ಒಂದೇ ಇರಬೇಕು ಅಷ್ಟೆ.

ಕೂಡಿಸಲೇಬೇಕಾ?

ಈ ಪ್ರಶ್ನೆಯನ್ನು ಬಹಳ ಜನ ಕೇಳಿಕೊಳ್ಳುವುದೇ ಇಲ್ಲ. ಅಮ್ಮನ ಖಾತೆಯಿಂದ ಮಗನಿಗೆ ಟಿಕೆಟ್ ತೆಗೆಯಬೇಕಾದರೆ ಮೈಲ್ಸ್ ಮೊದಲು ಮಗನ ಖಾತೆಗೆ ಹೋಗಬೇಕು ಎಂದೇ ನಂಬಿದವರಿದ್ದಾರೆ. ಹಾಗೇನಿಲ್ಲ. ಅಮೆರಿಕದ ದೊಡ್ಡ ಸಂಸ್ಥೆಗಳ ಯೋಜನೆಗಳಲ್ಲಿ ನಿಮ್ಮ ಖಾತೆಯ ಮೈಲ್ಸ್‌ನಿಂದ ಯಾರ ಹೆಸರಿಗಾದರೂ ಟಿಕೆಟ್ ತೆಗೆಯಬಹುದು, ನೆಂಟನಾಗಿರಬೇಕು ಅಂತಲೂ ಇಲ್ಲ. ಅಮ್ಮನ ಖಾತೆಯಲ್ಲೇ 60,000 ಇದ್ದು ಉಳಿದವರದು ಚಿಲ್ಲರೆಯಾಗಿದ್ದರೆ ಅಮ್ಮನ ಲಾಗಿನ್‌ನಲ್ಲಿ ಎಲ್ಲರ ಟಿಕೆಟ್ ತೆಗೆದರೆ ಮುಗಿಯಿತು. ಪೂಲ್ ಬೇಡ, ಮೈಲ್ಸ್ ವರ್ಗಾವಣೆಗೆ ಶುಲ್ಕ ಕಟ್ಟುವುದಂತೂ ಬೇಡವೇ ಬೇಡ.

ಶುಲ್ಕದ ಮಾತು ಬಂತು, ಹೇಳಿಬಿಡುತ್ತೇನೆ. ಪೂಲಿಂಗ್ ಬೇರೆ, ವರ್ಗಾವಣೆ ಬೇರೆ. ಡೆಲ್ಟಾದಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಮೈಲ್ಸ್ ಕಳಿಸಲು ಮೈಲಿಗೆ ಒಂದು ಸೆಂಟ್, ಅದರ ಮೇಲೆ ಪ್ರತಿ ಸಲಕ್ಕೆ 30 ಡಾಲರ್. 10,000 ಮೈಲ್ಸ್ ಗಂಡನಿಂದ ಹೆಂಡತಿಗೆ ಹೋಗಲು 130 ಡಾಲರ್! ಆ 10,000 ಮೈಲ್ಸ್‌ನಿಂದ ಉಳಿಯುವ ದುಡ್ಡೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕ್ವಾಂಟಾಸ್ ಇದಕ್ಕೆ ಉಲ್ಟಾ, ಕುಟುಂಬದವರ ನಡುವೆ ವರ್ಗಾವಣೆಗೆ ಶುಲ್ಕ ಕೇಳುವುದಿಲ್ಲ. ಶುಲ್ಕ ಕಟ್ಟುವ ವರ್ಗಾವಣೆ ಸರಿ ಅನ್ನಿಸುವುದು ಒಂದೇ ಒಂದು ಸಂದರ್ಭದಲ್ಲಿ. ದುಬಾರಿ ಟಿಕೆಟ್ ಒಂದು ಕಣ್ಣೆದುರಿಗಿದೆ, ನಿಮ್ಮ ಖಾತೆಗೆ ಒಂದೆರಡು ಸಾವಿರವಷ್ಟೇ ಕಮ್ಮಿ ಬಿದ್ದಿದೆ ಅಂದಾಗ.

ಆದರೆ ಯಾರಿಗಾದರೂ ಟಿಕೆಟ್ ತೆಗೆಯಬಹುದು ಅನ್ನುವ ಮಾತು ಏಷ್ಯಾದ ಹಲವು ಸಂಸ್ಥೆಗಳಿಗೆ ಹೊಂದುವುದಿಲ್ಲ. ಕ್ರಿಸ್‌ಫ್ಲೈಯರ್‌ನಲ್ಲಿ ಪೂಲ್ ಇಲ್ಲ. ಬದಲಿಗೆ ಐದು ಜನರನ್ನು ನಾಮಿನಿ ಎಂದು ಹೆಸರಿಸಬೇಕು, ನಿಮ್ಮ ಮೈಲ್ಸ್ ನಿಮಗೆ ಮತ್ತು ಆ ಐವರಿಗೆ ಮಾತ್ರ. ಜಪಾನಿನ ಎಎನ್‌ಎ ಮತ್ತು ಜೆಎಎಲ್ ಎರಡನೇ ಹಂತದ ಸಂಬಂಧದವರೆಗೆ ಒಪ್ಪುತ್ತವೆ. ಅಪ್ಪ ಅಮ್ಮ, ಮಕ್ಕಳು, ಅಣ್ಣ ತಮ್ಮ ಅಕ್ಕ ತಂಗಿ, ಅಜ್ಜ ಅಜ್ಜಿ, ಮೊಮ್ಮಕ್ಕಳು ಬರುತ್ತಾರೆ, ದೊಡ್ಡಪ್ಪನ ಮಗ ಬರುವುದಿಲ್ಲ. ಕೊರಿಯನ್ ಏರ್ ಸಂಬಂಧದ ದಾಖಲೆ ಕೇಳಿ ನೋಂದಾಯಿಸಿಕೊಂಡ ಮೇಲೆಯೇ ಕುಟುಂಬ ಎಂದು ಒಪ್ಪಿಕೊಳ್ಳುವುದು. ಅತ್ತೆ ಮಾವ, ಅಳಿಯ ಸೊಸೆಯಂದಿರಿಗೂ ಆ ಪಟ್ಟಿಯಲ್ಲಿ ಜಾಗವಿದೆ. ಹೀಗಿರುವಾಗ ಪ್ರಯಾಣ ನಿಗದಿಯಾದ ಮೇಲೆ ಹೆಸರು ಸೇರಿಸಲು ಓಡಾಡಬೇಡಿ. ಕಾಗದಪತ್ರ ಒಪ್ಪಿಗೆಯಾಗುವ ಹೊತ್ತಿಗೆ ಸೀಟು ಬೇರೆಯವರ ಪಾಲಾಗಿರುತ್ತದೆ.

ಹಾಗಾದರೆ ಪೂಲ್ ಯಾರಿಗೆ? ಯಾರೊಬ್ಬರ ಖಾತೆಯೂ ಒಂಟಿಯಾಗಿ ಒಂದು ಟಿಕೆಟ್ ಮುಟ್ಟದ ಮನೆಗೆ. ಚಿಕ್ಕ ಮಕ್ಕಳಿರುವ ಮನೆಗೆ. ಮಗು ಹತ್ತು ವರ್ಷ ಹಾರಿದರೂ ಅದರ ಖಾತೆ ತುಂಬುವುದಿಲ್ಲ, ತುಂಬಿದರೂ ಮಗು ಟಿಕೆಟ್ ತೆಗೆಯುವುದಿಲ್ಲ. ವರ್ಷಕ್ಕೊಮ್ಮೆ ಮಾತ್ರ ಹೊರಡುವ ಅಜ್ಜ ಅಜ್ಜಿ ಇರುವ ಮನೆಗೆ. ಒಬ್ಬರೇ ಕೆಲಸದ ಮೇಲೆ ತಿಂಗಳಿಗೆರಡು ಸಲ ಹಾರಿ, ಉಳಿದವರು ರಜೆಯಲ್ಲಷ್ಟೇ ಹಾರುವ ಮನೆಯಲ್ಲಿ ಮೇಲಿನ ಉಪಾಯವೇ ಸಾಕಾಗುತ್ತದೆ.

ಪೂಲ್ ಅಂದರೆ ಎಲ್ಲ ಕಡೆ ಒಂದೇ ಅಲ್ಲ

ಹೆಸರು ಒಂದೇ ಇದ್ದರೂ ಒಳಗಿನ ವ್ಯವಹಾರ ಬೇರೆ ಬೇರೆ. ನಾನು ಇವನ್ನು ಮೂರು ಮನೆಗಳ ಹಾಗೆ ನೋಡುತ್ತೇನೆ.

ಒಂದನೆಯದರಲ್ಲಿ ಎಲ್ಲರ ಗಂಟೂ ಅವರವರ ಹತ್ತಿರವೇ ಇರುತ್ತದೆ, ಖರ್ಚು ಬಂದಾಗ ಎಲ್ಲರಿಂದ ಪಾಲಿನ ಪ್ರಕಾರ ಎತ್ತುತ್ತಾರೆ. ಬ್ರಿಟಿಷ್ ಏರ್‌ವೇಸಿನ ಹೌಸ್‌ಹೋಲ್ಡ್ ಅಕೌಂಟ್ ಈ ಬಗೆಯದು. ಒಂದೇ ವಿಳಾಸದಲ್ಲಿ ಇರುವವರು, ಯಜಮಾನನೂ ಸೇರಿ ಏಳು ಜನ. ಅಪ್ಪನಲ್ಲಿ 30,000, ಅಮ್ಮನಲ್ಲಿ 15,000, ಮಗಳಲ್ಲಿ 5,000 ಏವಿಯೋಸ್ ಇದೆ ಅನ್ನಿ, ಒಟ್ಟು 50,000. ಮಗಳಿಗೆ 20,000ದ ಟಿಕೆಟ್ ತೆಗೆದರೆ ಅಪ್ಪನಿಂದ 12,000, ಅಮ್ಮನಿಂದ 6,000, ಮಗಳಿಂದ 2,000 ಹೋಗುತ್ತದೆ. "ಮೊದಲು ಅವಧಿ ಮುಗಿಯುವವರದ್ದು ತೆಗೆಯೋಣ" ಎಂದರೆ ನಡೆಯದು, ಅನುಪಾತ ಅವರದೇ. ಇನ್ನೊಂದು ಕಟ್ಟು ಇದೆ. ಹೌಸ್‌ಹೋಲ್ಡ್ ಖಾತೆ ಮಾಡಿದ ಮೇಲೆ ಆ ಏವಿಯೋಸ್‌ನಿಂದ ಮನೆಯವರಿಗೆ ಮತ್ತು ನೀವು ಮೊದಲೇ ಹೆಸರಿಸಿದ ಸ್ನೇಹಿತರು ಬಂಧುಗಳ ಚಿಕ್ಕ ಪಟ್ಟಿಗೆ ಮಾತ್ರ ಟಿಕೆಟ್. ಅಲ್ಲಿಯವರೆಗೆ ಯಾರಿಗೆ ಬೇಕಾದರೂ ಕೊಡಬಹುದಾಗಿದ್ದ ಖಾತೆಗೆ ಬೇಲಿ ಬೀಳುತ್ತದೆ. ಚಿಕ್ಕ ಬಾಕಿ ಇರುವ ಮಗಳೊಬ್ಬಳನ್ನು ಸೇರಿಸಿಕೊಳ್ಳಲು ಹೋಗಿ ನಿಮ್ಮ ದೊಡ್ಡ ಖಾತೆಯ ಕೈ ಕಟ್ಟಿಹೋಗುತ್ತದೆ ಅನ್ನುವುದು ಸೇರುವಾಗ ಯಾರ ತಲೆಗೂ ಹೊಳೆಯುವುದಿಲ್ಲ.

ಎರಡನೆಯದರಲ್ಲಿ ನಡುಮನೆಯಲ್ಲೊಂದು ಹುಂಡಿ. ಪ್ರತಿಯೊಬ್ಬರೂ ಅದಕ್ಕೆ ಹಾಕುತ್ತಾರೆ, ಯಜಮಾನ ತೆಗೆಯುತ್ತಾನೆ ಅಥವಾ ಯಾರು ತೆಗೆಯಬಹುದು ಎಂದು ಹೇಳುತ್ತಾನೆ. ಎಮಿರೇಟ್ಸ್ ಸ್ಕೈವಾರ್ಡ್ಸ್‌ನ ಮೈ ಫ್ಯಾಮಿಲಿಯಲ್ಲಿ ದುಡಿದ ಮೈಲ್ಸ್‌ನಲ್ಲಿ ಶೇಕಡಾ ಎಷ್ಟು ಹುಂಡಿಗೆ ಹೋಗಬೇಕು ಎಂದು ತೀರ್ಮಾನಿಸಬಹುದು, ಬೇಕಾದರೆ ಪೂರ್ತಿ 100 ಕೊಡಬಹುದು. ಜೆಟ್‌ಬ್ಲೂ ಪೂಲ್‌ನಲ್ಲಿ ಏಳು ಜನ ಸೇರಬಹುದು, ನೆಂಟರೇ ಆಗಿರಬೇಕಿಲ್ಲ. ಏರ್ ಕೆನಡಾದ ಏರೋಪ್ಲಾನ್‌ನಲ್ಲಿ ಎಂಟು, ಆದರೆ ಅಲ್ಲಿ ಖರ್ಚು ಒಂದನೆಯ ಬಗೆಯಂತೆ ಎಲ್ಲರಿಂದ ಪಾಲಿನ ಪ್ರಕಾರ ಹೋಗುತ್ತದೆ. ಯುನೈಟೆಡ್ 2024ರ ಮಾರ್ಚ್‌ನಲ್ಲಿ ತಂದ ಪೂಲ್‌ನಲ್ಲಿ ಐದು ಜನ, ವಿಳಾಸವೂ ಒಂದೇ ಆಗಿರಬೇಕಿಲ್ಲ.

ಯುನೈಟೆಡ್ ಪೂಲ್‌ಗೊಂದು ಕೊಕ್ಕೆ ಇದೆ, ಅದನ್ನು ಓದದೆ ಮೈಲ್ಸ್ ಹಾಕಿದವರು ಪೇಚಾಡುತ್ತಾರೆ. ಪೂಲ್‌ಗೆ ಹೋದ ಮೈಲ್ಸ್‌ನಿಂದ ಯುನೈಟೆಡ್ ಮತ್ತು ಯುನೈಟೆಡ್ ಎಕ್ಸ್‌ಪ್ರೆಸ್ ಹಾರಿಸುವ ವಿಮಾನಗಳಿಗೆ ಮಾತ್ರ ಟಿಕೆಟ್. ಅದೇ ಮೈಲ್ಸ್ ನಿಮ್ಮ ಸ್ವಂತ ಖಾತೆಯಲ್ಲಿದ್ದರೆ ಲುಫ್ತಾನ್ಸಾ, ಎಎನ್‌ಎ, ಸಿಂಗಪುರ್ ಮೊದಲಾದ, ಸ್ಟಾರ್ ಅಲಯನ್ಸ್ ಎಂಬ ಏರ್‌ಲೈನ್ಸ್ ಕೂಟದ ಸಂಸ್ಥೆಗಳ ಟಿಕೆಟ್ಟನ್ನೂ ತೆಗೆಯಬಹುದಿತ್ತು. ಅಂದರೆ ಹುಂಡಿಗೆ ಬಿದ್ದ ಗಳಿಗೆಯಲ್ಲೇ ಮೈಲ್ಸ್‌ನ ಹರವು ಕಿರಿದಾಯಿತು. ಇಂಥ ಕಡೆ ಎಲ್ಲವನ್ನೂ ಸುರಿಯಬೇಡಿ. ಯಾವ ಟಿಕೆಟ್ ಬೇಕು ಎಂದು ಮೊದಲು ಹುಡುಕಿ, ಎಷ್ಟು ಬೇಕೋ ಅಷ್ಟನ್ನೇ ಹಾಕಿ.

ಮೂರನೆಯದು ಗಂಡ ಹೆಂಡತಿ ಮಕ್ಕಳು ಅನ್ನುವ ಸಣ್ಣ ಕುಟುಂಬದ ಅಳತೆಗೆ ಹೊಲಿದದ್ದು. ಏರ್ ಫ್ರಾನ್ಸ್ ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ ಇಬ್ಬರು ದೊಡ್ಡವರು ಮತ್ತು ಆರು ಮಕ್ಕಳನ್ನು ಒಪ್ಪುತ್ತದೆ, ಲುಫ್ತಾನ್ಸಾದ ಮೈಲ್ಸ್ ಆ್ಯಂಡ್ ಮೋರ್ ಇಬ್ಬರು ದೊಡ್ಡವರು ಮತ್ತು ಐದು ಮಕ್ಕಳನ್ನು. ಅಜ್ಜಿಯನ್ನು ಸೇರಿಸಬೇಕೆಂದರೆ ಇಬ್ಬರು ದೊಡ್ಡವರ ಜಾಗ ಆಗಲೇ ತುಂಬಿರುತ್ತದೆ. ಕುಟುಂಬ ಅಂದರೆ ಯಾರು ಎನ್ನುವುದನ್ನು ಒಂದೊಂದು ಸಂಸ್ಥೆ ತನ್ನ ಊರಿನ ಮನೆಗಳನ್ನು ನೋಡಿ ಬರೆದಂತಿದೆ. ಕೊರಿಯಾದ ಸಿಯೋಲ್‌ನ ಸಂಸ್ಥೆಗೆ ಸೊಸೆ ಮನೆಯವಳು, ಫ್ರಾಂಕ್‌ಫರ್ಟಿನದಕ್ಕೆ ಅಜ್ಜಿ ಹೊರಗಿನವಳು!

ಹೊರಬಾಗಿಲು ಎಲ್ಲಿದೆ ನೋಡಿ

ಸೇರುವ ಪುಟದಲ್ಲಿ "ಈಗಲೇ ಸೇರಿ" ಎಂಬ ಗುಂಡಿ ದೊಡ್ಡದಾಗಿರುತ್ತದೆ. ಬಿಡುವ ನಿಯಮ ಷರತ್ತುಗಳ ಪುಟದ ತಳದಲ್ಲಿ ಎಲ್ಲೋ ಕೂತಿರುತ್ತದೆ. ಅದನ್ನೇ ಮೊದಲು ಹುಡುಕಿ ಓದಿ. ನಾಲ್ಕು ಪ್ರಶ್ನೆಗೆ ಉತ್ತರ ಸಿಗಬೇಕು. ಒಬ್ಬರು ಬಿಟ್ಟರೆ ಅವರು ಹಾಕಿದ ಮೈಲ್ಸ್ ಅವರ ಜೊತೆ ಬರುತ್ತದೆಯೋ, ಹುಂಡಿಯಲ್ಲೇ ಉಳಿಯುತ್ತದೆಯೋ? ಬಿಟ್ಟ ಮೇಲೆ ಇನ್ನೊಂದು ಪೂಲ್ ಸೇರಲು ಎಷ್ಟು ದಿನ ಕಾಯಬೇಕು? ಯಜಮಾನನನ್ನು ಬದಲಾಯಿಸಬಹುದೇ? ಪೂಲ್ ಮುಚ್ಚಿದರೆ ಉಳಿದದ್ದು ಯಾರಿಗೆ?

ಕಾಯುವ ಅವಧಿ ಸುಮ್ಮನೆ ಬರೆದದ್ದಲ್ಲ. ಬ್ರಿಟಿಷ್ ಏರ್‌ವೇಸ್‌ನಲ್ಲಿ ಒಂದು ಹೌಸ್‌ಹೋಲ್ಡ್ ಖಾತೆ ಬಿಟ್ಟವರು ಆರು ತಿಂಗಳು ಇನ್ನೊಂದನ್ನು ಸೇರುವಂತಿಲ್ಲ. ಮದುವೆಯಾಗಿ ಹೊಸ ಮನೆ ಕಟ್ಟುವ ಮಗಳನ್ನು ಅಪ್ಪನ ಖಾತೆಯಿಂದ ಬಿಡಿಸಿ ಗಂಡನ ಜೊತೆ ಸೇರಿಸಬೇಕಾದರೆ ಈ ಆರು ತಿಂಗಳನ್ನು ಮೊದಲೇ ಎಣಿಸಿಟ್ಟುಕೊಳ್ಳಬೇಕು.

ನಮ್ಮ ಮನೆಯ ಎಡವಟ್ಟೊಂದನ್ನು ಹೇಳುತ್ತೇನೆ. ಒಂದು ಸಂಸ್ಥೆಯ ಪೂಲ್ ಸೇರುವಾಗ ತಂಗಿಯನ್ನೂ ಸೇರಿಸಿಕೊಂಡೆವು, ಅವಳ ಹತ್ತಿರ ಒಂಬತ್ತು ಸಾವಿರ ಚಿಲ್ಲರೆ ಇತ್ತು. ಎರಡು ವರ್ಷದ ನಂತರ ಅವಳಿಗೆ ತನ್ನದೇ ಪ್ರಯಾಣಕ್ಕೆ ಮೈಲ್ಸ್ ಬೇಕಾಯಿತು. ಬಿಡಿಸಿಕೊಂಡು ಹೊರಟಳು, ಮೈಲ್ಸ್ ಹೊರಡಲಿಲ್ಲ. ಹುಂಡಿಯಲ್ಲಿ ಬಿದ್ದದ್ದು ಹುಂಡಿಯದು ಎಂದು ಷರತ್ತಿನಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು, ಓದದೆ ಒಪ್ಪಿದ್ದು ನಾವು. ಕೊನೆಗೆ ಯಜಮಾನನಾಗಿದ್ದ ನಾನೇ ಅವಳ ಹೆಸರಿಗೆ ಟಿಕೆಟ್ ತೆಗೆದುಕೊಟ್ಟೆ. ಪೂಲ್ ಬಿಡುವ ಮುಂಚೆಯೇ ತೆಗೆದಿದ್ದರೆ ಅವಳ ಮುನಿಸು ತಪ್ಪುತ್ತಿತ್ತು. ಹೊರಡುವವರ ಪಾಲಿನಷ್ಟಕ್ಕೆ ಒಂದು ಟಿಕೆಟ್ ತೆಗೆದು, ಆಮೇಲೆ ಬಿಡಿಸುವುದು: ಈಗ ನಮ್ಮ ಮನೆಯ ನಿಯಮ ಇದೇ.

ಯಜಮಾನ ಯಾರು?

ವಯಸ್ಸಿನ ಗೌರವಕ್ಕೆ ಅಪ್ಪನನ್ನು ಯಜಮಾನನನ್ನಾಗಿ ಮಾಡಬೇಡಿ. ಓಟಿಪಿ ಬಂದಾಗ ಫೋನ್ ಕೈಯಲ್ಲಿರುವವರು, ಇಮೇಲ್ ತೆರೆದು ನೋಡುವವರು, ರಾತ್ರಿ ಹನ್ನೊಂದಕ್ಕೆ ಸೀಟು ಕಂಡರೆ ಆಗಲೇ ತೆಗೆಯಬಲ್ಲವರು ಯಜಮಾನರಾಗಬೇಕು. ಅದು ಮನೆಯ ಹಿರಿಮಗಳಾದರೂ ಸರಿ. ಅಪ್ಪನಿಗೆ ಬೇಜಾರಾದರೆ ಕಿಟಕಿ ಸೀಟು ಕೊಡಿ.

ಖಾತೆ ತೆರೆಯುವುದು: ಹೆಸರೇ ಮುಖ್ಯ

ಪೂಲ್ ಸೇರುವ ಪ್ರತಿಯೊಬ್ಬರಿಗೂ ಅವರದೇ ಖಾತೆ ಬೇಕು, ಮಕ್ಕಳಿಗೂ ಸಹ. ಎಲ್ಲ ಕಡೆಯೂ ಖಾತೆ ಉಚಿತ, ಪೂಲ್‌ಗೂ ಸಾಮಾನ್ಯವಾಗಿ ಶುಲ್ಕವಿಲ್ಲ. ಜಪಾನಿನ ಎರಡು ಸಂಸ್ಥೆಗಳು ದೇಶದ ಹೊರಗಿರುವ ಕುಟುಂಬಗಳಿಗಾಗಿ ಇಟ್ಟಿರುವ ಸೇವೆಗೆ ಮಾತ್ರ ಸೇರುವಾಗ 1,000 ಮೈಲ್ಸ್ ಮುರಿದುಕೊಳ್ಳುತ್ತವೆ. ಮಕ್ಕಳ ವಯಸ್ಸಿನ ನಿಯಮ ಒಂದೊಂದು ಕಡೆ ಒಂದೊಂದು. ಬ್ರಿಟಿಷ್ ಏರ್‌ವೇಸ್‌ನಲ್ಲಿ ಹದಿನೆಂಟು ತುಂಬದವರು ಹೌಸ್‌ಹೋಲ್ಡ್ ಖಾತೆಯ ಮೂಲಕವೇ ಒಳಗೆ ಬರಬೇಕು.

ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ಖಾತೆಯಲ್ಲಿ ಬರೆಯಿರಿ. ಇನಿಶಿಯಲ್ ಬಿಡಿಸಿ ಬರೆಯುವವರ, ಅಪ್ಪನ ಹೆಸರನ್ನೇ ಕೊನೆಯ ಹೆಸರಾಗಿ ಇಟ್ಟುಕೊಂಡವರ, ಮದುವೆಯ ಮೇಲೆ ಹೆಸರು ಬದಲಿಸಿದವರ ಮನೆಯಲ್ಲಿ ಇದು ದೊಡ್ಡ ತಲೆನೋವು. ಟಿಕೆಟ್ಟಿನಲ್ಲಿ ಒಂದು, ಖಾತೆಯಲ್ಲಿ ಒಂದು ಇದ್ದರೆ ಮೈಲ್ಸ್ ಜಮಾ ಆಗುವುದಿಲ್ಲ. ಪೂಲ್ ಮಾಡಿದ ಮೇಲೆ ಹೆಸರು ತಿದ್ದಿಸಲು ಹೊರಟರೆ ದಾಖಲೆ ಕಳಿಸಿ ವಾರಗಟ್ಟಲೆ ಕಾಯಬೇಕಾದೀತು. ಹಾಗಾಗಿ ಹೆಸರು, ಹುಟ್ಟಿದ ದಿನ, ವಿಳಾಸ ಮೂರನ್ನೂ ಸರಿಪಡಿಸಿದ ನಂತರವೇ ಪೂಲ್‌ಗೆ ಆಹ್ವಾನ ಕಳಿಸಿ. ಒಂದೇ ವಿಳಾಸ ಕೇಳುವ ಕಡೆ ಮನೆ ಸಂಖ್ಯೆ ಬರೆಯುವ ರೀತಿಯೂ ಎಲ್ಲರದಲ್ಲಿ ಒಂದೇ ಇರಲಿ.

ಹಿರಿಯರ ಖಾತೆಗೆ ಅವರದೇ ಇಮೇಲ್ ಇರಲಿ, ಅದರ ಕೀಲಿ ಅವರ ಹತ್ತಿರವೂ ಇರಲಿ. ಎಲ್ಲರ ಖಾತೆಗೂ ಒಂದೇ ಇಮೇಲ್ ಕೊಟ್ಟರೆ ಹಲವು ಸಂಸ್ಥೆಗಳು ಒಪ್ಪುವುದಿಲ್ಲ, ಒಪ್ಪಿದರೂ ಪಾಸ್‌ವರ್ಡ್ ಮರುಹೊಂದಿಸುವಾಗ ಗೋಜಲಾಗುತ್ತದೆ. ಮೈಲ್ಸ್ ಕದಿಯುವವರೂ ಇದ್ದಾರೆ. ಎಲ್ಲ ಖಾತೆಗೂ ಒಂದೇ ಪಾಸ್‌ವರ್ಡ್ ಇಟ್ಟ ಮನೆಯಲ್ಲಿ ಒಂದು ಬೀಗ ಒಡೆದರೆ ಹುಂಡಿಯೇ ಕೈಗೆ ಸಿಕ್ಕಂತೆ.

ತುಂಬಿಸುವುದು

ಒಂದು ಭ್ರಮೆ ಹರಿಯಬೇಕು. ನಾಲ್ವರ ಟಿಕೆಟ್ಟಿಗೂ ದುಡ್ಡು ಕಟ್ಟಿದ್ದು ನಾನು, ಆದ್ದರಿಂದ ನಾಲ್ವರ ಮೈಲ್ಸೂ ನನಗೇ ಬರುತ್ತದೆ ಎಂದುಕೊಳ್ಳಬೇಡಿ. ಸೀಟಿನಲ್ಲಿ ಕೂತವರಿಗೆ ಮೈಲ್ಸ್, ಹಣ ಕಟ್ಟಿದವರಿಗಲ್ಲ. ಅದಕ್ಕೇ ಟಿಕೆಟ್ ತೆಗೆಯುವಾಗ ಪ್ರತಿ ಪ್ರಯಾಣಿಕರ ಹೆಸರಿನ ಕೆಳಗೆ ಅವರ ಸಂಖ್ಯೆಯನ್ನು ಹಾಕಬೇಕು. ನಾಲ್ವರಲ್ಲಿ ಇಬ್ಬರದು ಬಿಟ್ಟುಹೋಗಿರುತ್ತದೆ, ಯಾವಾಗಲೂ ಮಕ್ಕಳದು.

ಬಿಟ್ಟುಹೋದದ್ದನ್ನು ಆಮೇಲೆ ಕೇಳಿ ಪಡೆಯುವ ದಾರಿ ಇದೆ, ಗಡುವು ತಿಂಗಳುಗಳ ಲೆಕ್ಕದ್ದು. ಬೋರ್ಡಿಂಗ್ ಪಾಸ್ ಮತ್ತು ಇ-ಟಿಕೆಟ್ ಸಂಖ್ಯೆ ಕೇಳುತ್ತಾರೆ. ಮೈಲ್ಸ್ ಜಮಾ ಆಗುವವರೆಗೆ ಬೋರ್ಡಿಂಗ್ ಪಾಸ್ ಎಸೆಯಬೇಡಿ, ಒಂದು ಫೋಟೋ ತೆಗೆದಿಟ್ಟುಕೊಂಡರೂ ಆಯಿತು.

ಇನ್ನು ಯಾವ ಯೋಜನೆಗೆ ತುಂಬಿಸಬೇಕು ಅನ್ನುವುದು. ಮನೆಯವರು ಬೇರೆ ಬೇರೆ ಏರ್‌ಲೈನ್ಸ್‌ನಲ್ಲಿ ಹಾರುವುದು ಸಹಜ, ಹಾಗೆಂದು ಖಾತೆಗಳೂ ಬೇರೆ ಬೇರೆ ಆಗಬೇಕಿಲ್ಲ. 1997ರಲ್ಲಿ ಸ್ಟಾರ್ ಅಲಯನ್ಸ್, 1999ರಲ್ಲಿ ಒನ್‌ವರ್ಲ್ಡ್, 2000ದಲ್ಲಿ ಸ್ಕೈಟೀಮ್ ಹುಟ್ಟಿದ ಮೇಲೆ ಒಂದು ಕೂಟದ ಯಾವ ವಿಮಾನದಲ್ಲಿ ಹಾರಿದರೂ ಅದೇ ಕೂಟದ ಇನ್ನೊಂದು ಯೋಜನೆಗೆ ಮೈಲ್ಸ್ ಜಮಾ ಮಾಡಿಸಬಹುದು. ಅಣ್ಣ ಲುಫ್ತಾನ್ಸಾದಲ್ಲಿ, ಅಕ್ಕ ಸಿಂಗಪುರ್ ಏರ್‌ಲೈನ್ಸ್‌ನಲ್ಲಿ, ನೀವು ಏರ್ ಕೆನಡಾದಲ್ಲಿ ಹಾರಿ, ಮೂವರೂ ಏರೋಪ್ಲಾನ್ ಸಂಖ್ಯೆಯನ್ನೇ ಕೊಟ್ಟರೆ ಹುಂಡಿ ಒಂದೇ ಕಡೆ ತುಂಬುತ್ತದೆ. ಹೊಸದಾಗಿ ಶುರು ಮಾಡುವ ಮನೆಗೆ ನನ್ನ ಸಲಹೆ ಇದೊಂದೇ: ಮನೆಯವರು ಹೆಚ್ಚಾಗಿ ಹಾರುವ ಕೂಟ ಯಾವುದು ನೋಡಿ, ಅದರಲ್ಲಿ ಉಚಿತ ಪೂಲ್ ಇರುವ ಯೋಜನೆಯನ್ನು ಆರಿಸಿ, ಆಮೇಲೆ ಆಚೀಚೆ ನೋಡಬೇಡಿ.

ಬೀಳುವ ಮೈಲ್ಸ್ ಎಷ್ಟು ಎನ್ನುವುದರಲ್ಲಿ ನಿರಾಸೆಯಾಗದಿರಲು ಒಂದು ಮಾತು. ಎಷ್ಟು ದೂರ ಹಾರಿದಿರಿ ಎಂಬುದರ ಮೇಲೆ ಮೈಲ್ಸ್ ಕೊಡುವ ಕಾಲ ಬಹಳ ಕಡೆ ಮುಗಿದಿದೆ. ಡೆಲ್ಟಾ ಮತ್ತು ಯುನೈಟೆಡ್ 2015ರಲ್ಲಿ, ಅಮೆರಿಕನ್ 2016ರಲ್ಲಿ ಕಟ್ಟಿದ ದರದ ಮೇಲೆ ಕೊಡುವ ಪದ್ಧತಿಗೆ ಬಂದವು. ಕೂಟದ ಇನ್ನೊಂದು ವಿಮಾನದಲ್ಲಿ ಹಾರಿದರೆ ಟಿಕೆಟ್ಟಿನ ದರ್ಜೆಯ ಅಕ್ಷರ ನೋಡಿ ಕೊಡುತ್ತಾರೆ, ತೀರಾ ಅಗ್ಗದ ದರ್ಜೆಗೆ ಏನೂ ಸಿಗದಿರುವುದೂ ಉಂಟು. ಅಗ್ಗದ ಟಿಕೆಟ್ಟಿನಲ್ಲಿ ಹೋಗುವ ಕುಟುಂಬಕ್ಕೆ ವಿಮಾನದಿಂದ ಬರುವುದಕ್ಕಿಂತ ಕ್ರೆಡಿಟ್ ಕಾರ್ಡ್ ಖರ್ಚಿನಿಂದ ಬರುವುದೇ ಹೆಚ್ಚಾಗುವುದು ಇದರಿಂದಲೇ. ಕಾರ್ಡಿನ ಪಾಯಿಂಟನ್ನು ಏರ್‌ಲೈನ್ಸ್‌ಗೆ ಕಳಿಸುವಾಗ ಬ್ಯಾಂಕು ಸಾಮಾನ್ಯವಾಗಿ ಕಾರ್ಡುದಾರನ ಹೆಸರಿನ ಖಾತೆಗೇ ಕಳಿಸಲು ಬಿಡುವುದು. ಕಾರ್ಡು ಇರುವವರು ಪೂಲ್‌ನಲ್ಲೂ ಇರಲಿ.

ಸ್ಟೇಟಸ್ ಮಾತ್ರ ಕೂಡುವುದಿಲ್ಲ. ಬೆಳ್ಳಿ, ಚಿನ್ನ ಎಂದು ಕೊಡುವ ದರ್ಜೆಗೆ ಬೇರೆಯದೇ ಲೆಕ್ಕವಿರುತ್ತದೆ, ಅದು ಹಾರಿದವರ ಹೆಸರಿಗೇ ಅಂಟಿಕೊಂಡಿರುತ್ತದೆ. ಎಲ್ಲರ ಮೈಲ್ಸ್ ಅಪ್ಪನ ಹುಂಡಿಗೆ ಹೋದ ಮಾತ್ರಕ್ಕೆ ಅಪ್ಪನಿಗೆ ಲೌಂಜ್ ಬಾಗಿಲು ತೆರೆಯುವುದಿಲ್ಲ.

ಟಿಕೆಟ್ ತೆಗೆಯುವ ದಿನ

ಮೈಲ್ಸ್ ಇದ್ದರೆ ಸೀಟು ಸಿಕ್ಕಂತೆ ಅಲ್ಲ. ಒಂದು ವಿಮಾನದಲ್ಲಿ ಕಡಿಮೆ ಮೈಲ್ಸ್‌ನ ಸೀಟು ಎರಡೋ ಮೂರೋ ಬಿಟ್ಟಿರುತ್ತಾರೆ. ನಾಲ್ಕು ಜನಕ್ಕೆ ಎಂದು ಹುಡುಕಿದರೆ ಕೆಲವು ಕಡೆ ಸೀಟೇ ಇಲ್ಲ ಎನ್ನುತ್ತದೆ, ಕೆಲವು ಕಡೆ ನಾಲ್ಕಕ್ಕೂ ದುಬಾರಿ ದರವನ್ನೇ ತೋರಿಸುತ್ತದೆ. ಹಾಗಾಗಿ ಮೊದಲು ಒಬ್ಬರಿಗೆ ಎಂದು ಹುಡುಕಿ ದರ ಬರೆದುಕೊಳ್ಳಿ, ಆಮೇಲೆ ಇಬ್ಬರಿಗೆ, ಮೂವರಿಗೆ. ದರ ಎಲ್ಲಿ ಜಿಗಿಯುತ್ತದೋ ಅಲ್ಲಿಗೆ ಅಗ್ಗದ ಸೀಟು ಮುಗಿಯಿತು ಎಂದರ್ಥ. ಎರಡು ಸೀಟು ಅಗ್ಗಕ್ಕಿದ್ದರೆ ಎರಡನ್ನು ಮೈಲ್ಸ್‌ನಲ್ಲಿ, ಎರಡನ್ನು ದುಡ್ಡಿನಲ್ಲಿ ತೆಗೆಯುವುದೇ ಜಾಣತನ. ದುಡ್ಡಿನ ಟಿಕೆಟ್ಟಿಗೆ ಹೊಸ ಮೈಲ್ಸೂ ಬೀಳುತ್ತದೆ. ಬೇರೆ ಬೇರೆ ಬುಕಿಂಗ್ ಆದಾಗ ಚಿಕ್ಕ ಮಕ್ಕಳ ಟಿಕೆಟ್ ಒಬ್ಬ ದೊಡ್ಡವರ ಬುಕಿಂಗ್‌ನಲ್ಲೇ ಇರಲಿ, ಮತ್ತು ಏರ್‌ಲೈನ್ಸ್‌ಗೆ ಫೋನ್ ಮಾಡಿ ಎರಡೂ ಒಂದೇ ಕುಟುಂಬದ್ದು ಎಂದು ಟಿಪ್ಪಣಿ ಹಾಕಿಸಿ. ವಿಮಾನ ರದ್ದಾದರೆ ಅಪ್ಪ ಒಂದು ದಿಕ್ಕಿಗೆ, ಅಮ್ಮ ಒಂದು ದಿಕ್ಕಿಗೆ ಆಗಬಾರದಲ್ಲ.

ಉಚಿತ ಟಿಕೆಟ್ ಪೂರ್ತಿ ಉಚಿತವಲ್ಲ. ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ಕಟ್ಟಲೇಬೇಕು. ಇದರ ಮೇಲೆ ಕೆಲವು ಸಂಸ್ಥೆಗಳು ಸರ್‌ಚಾರ್ಜ್ ಎಂದು ದೊಡ್ಡ ಮೊತ್ತ ಹಾಕುತ್ತವೆ. ನಾಲ್ವರ ಸರ್‌ಚಾರ್ಜ್ ಕೂಡಿಸಿ ನೋಡಿದಾಗ, ಅದೇ ದಿನದ ಅಗ್ಗದ ಟಿಕೆಟ್ಟಿಗಿಂತ ಹೆಚ್ಚೇನೂ ಉಳಿಯಲಿಲ್ಲ ಎನ್ನಿಸುವುದುಂಟು. ಸರಳವಾದ ಪರೀಕ್ಷೆ: ದುಡ್ಡಿನ ದರದಿಂದ ತೆರಿಗೆ ಸರ್‌ಚಾರ್ಜ್ ಕಳೆಯಿರಿ, ಉಳಿದದ್ದನ್ನು ಮೈಲ್ಸ್‌ನಿಂದ ಭಾಗಿಸಿ. ಟಿಕೆಟ್ 400 ಡಾಲರ್, ತೆರಿಗೆ 100, ಮೈಲ್ಸ್ 20,000 ಆದರೆ ಮೈಲಿಗೆ ಒಂದೂವರೆ ಸೆಂಟ್ ಸಿಕ್ಕಿತು. ಒಂದು ಸೆಂಟ್‌ಗಿಂತ ಕೆಳಗೆ ಬಂದರೆ ನಾನು ದುಡ್ಡು ಕಟ್ಟಿ, ಮೈಲ್ಸ್ ಮುಂದಿನ ಸಲಕ್ಕೆ ಇಟ್ಟುಕೊಳ್ಳುತ್ತೇನೆ. ಅವಧಿ ಮುಗಿಯುತ್ತಿದ್ದರೆ ಈ ಲೆಕ್ಕ ಮರೆತು ಖರ್ಚು ಮಾಡುತ್ತೇನೆ.

ಹೊರಗಿನವರು, ಜಗಳ, ಸಾವು

ಪೂಲ್‌ನಲ್ಲಿ ಖಾಲಿ ಜಾಗವಿದೆ ಎಂದು ಪರಿಚಯವಿಲ್ಲದವರನ್ನು ದುಡ್ಡಿಗೆ ಸೇರಿಸಿಕೊಳ್ಳುವವರಿದ್ದಾರೆ. ಸದಸ್ಯರು ತಮ್ಮತಮ್ಮಲ್ಲೇ ದುಡ್ಡಿಗೆ ಮೈಲ್ಸ್ ಮಾರುವುದು, ಕೊಳ್ಳುವುದು ಬಹುತೇಕ ಎಲ್ಲ ಯೋಜನೆಗಳಲ್ಲೂ ನಿಷಿದ್ಧ. ಸಿಕ್ಕಿಬಿದ್ದರೆ ಒಬ್ಬರದಲ್ಲ, ಮನೆಯವರೆಲ್ಲರ ಖಾತೆಯೂ ಮುಚ್ಚಬಹುದು. ಆಮೇಲೆ ವಾದಿಸಿ ಗೆಲ್ಲುವುದು ಕಷ್ಟ. ನಾರ್ತ್‌ವೆಸ್ಟ್ ಏರ್‌ಲೈನ್ಸ್ ತುಂಬಾ ದೂರು ಕೊಡುತ್ತಾರೆಂದು ಸದಸ್ಯರೊಬ್ಬರ ಸದಸ್ಯತ್ವವನ್ನೇ ಕಿತ್ತುಹಾಕಿದ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2014ರಲ್ಲಿ ತೀರ್ಪು ಸಂಸ್ಥೆಯ ಕಡೆಗೇ ಬಂತು. ಷರತ್ತುಗಳಲ್ಲಿ ಮೈಲ್ಸ್ ನಿಮ್ಮ ಆಸ್ತಿಯಲ್ಲ ಎಂದು ಬರೆದಿರುವುದು ಅಲಂಕಾರಕ್ಕಲ್ಲ.

ಇದೇ ಕಾರಣಕ್ಕೆ ಹಿರಿಯರ ಖಾತೆಯಲ್ಲಿ ದೊಡ್ಡ ಮೊತ್ತ ಕೂಡಿಡುವುದು ನನಗೆ ಸರಿಬರುವುದಿಲ್ಲ. ತೀರಿಕೊಂಡವರ ಮೈಲ್ಸ್ ಕೆಲವು ಕಡೆ ದಾಖಲೆ ಕೊಟ್ಟರೆ ವಾರಸುದಾರರಿಗೆ ಬರುತ್ತದೆ, ಕೆಲವು ಕಡೆ ಅವರೊಂದಿಗೇ ಹೋಗುತ್ತದೆ. ಇರುವಾಗಲೇ ಅವರನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿಬರಲು ಅದನ್ನೇ ಮೊದಲು ಖರ್ಚು ಮಾಡಿ. ಗಂಡ ಹೆಂಡತಿ ಬೇರೆಯಾಗುವ ಸಂದರ್ಭದಲ್ಲಿ ಹುಂಡಿ ಯಜಮಾನನ ಕೈಯಲ್ಲಿರುತ್ತದೆ, ಇನ್ನೊಬ್ಬರು ಬೆರಳು ಕಚ್ಚಿಕೊಳ್ಳಬೇಕಾಗುತ್ತದೆ. ಇದನ್ನು ಬರೆಯಲು ಮನಸ್ಸು ಬರುವುದಿಲ್ಲ. ಆದರೂ ಶೇಕಡಾವಾರು ಹಾಕಲು ಬಿಡುವ ಯೋಜನೆಗಳಲ್ಲಿ ಪೂರ್ತಿ 100 ಹಾಕದೆ ಸ್ವಲ್ಪ ತನ್ನಲ್ಲೇ ಉಳಿಸಿಕೊಳ್ಳುವ ಹೆಣ್ಣುಮಕ್ಕಳನ್ನು ಕಂಡರೆ ನನಗೆ ತಪ್ಪೆನಿಸುವುದಿಲ್ಲ.

ಟಿಕೆಟ್ ರದ್ದು ಮಾಡುವ ಮುನ್ನ

ಮೈಲ್ಸ್‌ನಲ್ಲಿ ತೆಗೆದ ಟಿಕೆಟ್ ರದ್ದು ಮಾಡಿದರೆ ಮೈಲ್ಸ್ ಎಲ್ಲಿಂದ ಹೋಗಿತ್ತೋ ಅಲ್ಲಿಗೇ ವಾಪಸ್ ಬರುತ್ತದೆ. ಪಾಲಿನ ಪ್ರಕಾರ ಹೋಗಿದ್ದರೆ ಪಾಲಿನ ಪ್ರಕಾರವೇ. ರದ್ದತಿ ಶುಲ್ಕ ಒಬ್ಬೊಬ್ಬರಿಗೂ ಬೇರೆ ಇರಬಹುದು, ನಾಲ್ವರ ಶುಲ್ಕವನ್ನು ಕೂಡಿಸಿ ನೋಡಿ. ಮುಖ್ಯವಾಗಿ ದಿನಾಂಕ ನೋಡಿ. ಗಡಿಯಾರ ಓಡುವ ಬಗೆಯ ಯೋಜನೆಗಳಲ್ಲಿ ಈ ನಡುವೆ ಅವಧಿ ಮುಗಿದ ಮೈಲ್ಸ್ ವಾಪಸ್ ಬಂದರೂ ಖಾತೆಯಲ್ಲಿ ಉಳಿಯುವುದಿಲ್ಲ. ಅಂಥ ಮೈಲ್ಸ್‌ನಿಂದ ತೆಗೆದ ಟಿಕೆಟ್ ಇದ್ದರೆ ರದ್ದು ಮಾಡುವ ಬದಲು ದಿನಾಂಕ ಬದಲಿಸಬಹುದೇ ಎಂದು ಮೊದಲು ಕೇಳಿ. ಬದಲಾವಣೆಯ ಶುಲ್ಕ ಕಟ್ಟಿದರೂ ಟಿಕೆಟ್ ಕೈಯಲ್ಲಿರುತ್ತದೆ.